ನೂಲಿಗೆ ಹೆಸರು, ಲೇಪಕ್ಕೆ ದುಡಿಮೆ!

ಬೈಕಿಗೆ ಕಪ್ಪು ಚೌಕುಳಿ ಸ್ಟಿಕರ್ ಅಂಟಿಸಿ 'ಕಾರ್ಬನ್ ಫೈಬರ್ ಗುರೂ' ಎಂದು ಬೀಗುವ ಗೆಳೆಯರೇ, ಅಂಥ ಸ್ಟಿಕರ್ ಅಚ್ಚು ಹಾಕುವವನು ನಾನು. ನಿಜವಾದ ಕಾರ್ಬನ್ ಫೈಬರ್ ಕಥೆಯೇ ಬೇರೆ. ಕೇಳಿ.

ಅದು 5ರಿಂದ 7 ಮೈಕ್ರಾನ್ ದಪ್ಪದ ಎಳೆ. ತಲೆಗೂದಲಿನ ಹತ್ತನೇ ಒಂದು ಪಾಲು! ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಬಲು ಗಟ್ಟಿ. ಆದರೆ ಬರೀ ಎಳೆಯಿಂದ ವಿಮಾನದ ರೆಕ್ಕೆ ಆಗುತ್ತದೆಯೇ? ಎಪಾಕ್ಸಿ ಅಂಟಿನಲ್ಲಿ ಅದನ್ನು ಕೂರಿಸಬೇಕು. ತಕರಾರು ಇರುವುದೇ ಅಲ್ಲಿ. ಎಳೆಯ ಮೈ ಅಂಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಪ್ಲಾಸ್ಟಿಕ್ ಕವರಿನ ಮೇಲೆ ಹಾಗೇ ಇಂಕು ಹಾಕಿ ನೋಡಿ, ಉಗುರಿನಲ್ಲಿ ಕೆರೆದರೆ ಸುಲಿದು ಬರುತ್ತದೆ. ಅದಕ್ಕೇ ಅಚ್ಚಿಗೆ ಮೊದಲು ಆ ಹಾಳೆಗೆ ಕರೋನಾ ಎಂಬ ವಿದ್ಯುತ್ ಉಪಚಾರ. ಕಾರ್ಬನ್ ಎಳೆಯನ್ನೂ ವಿದ್ಯುತ್ ಹರಿಯುವ ದ್ರಾವಣದಲ್ಲಿ ಹಾಯಿಸಿ ಮೈ ಹದಮಾಡುತ್ತಾರೆ. ಆಮೇಲೆ, ನೇಕಾರ ಹಾಸುನೂಲಿಗೆ ಗಂಜಿ ಹಾಕುವ ಹಾಗೆ, 'ಸೈಜಿಂಗ್' ಎಂಬ ತೆಳು ಲೇಪ. 100 ಗ್ರಾಂ ಎಳೆಗೆ ಸುಮಾರು 1 ಗ್ರಾಂ, ಅಷ್ಟೇ!

ಹಾಗಾದರೆ ಹಿಡಿತ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ! ಹಿಡಿತ ಸಾಲದಿದ್ದರೆ ಅಂಟು ಬಿಡುತ್ತದೆ. ಅತಿಯಾದರೆ ಬಿರುಕು ಎಳೆಗಳನ್ನೂ ಕತ್ತರಿಸಿಕೊಂಡು ನೇರ ಓಡುತ್ತದೆ. ಬಳಪದ ಹಾಗೆ ಪಟಕ್ಕನೆ ಮುರಿಯುತ್ತದೆ. ಹದವಾಗಿದ್ದರೆ ಬಿರುಕು ಎಳೆಯ ಬದಿಗೆ ತಿರುಗಿ ದಣಿಯುತ್ತದೆ. ಬಲ ಬೇರೆ, ಪೆಟ್ಟು ತಾಳುವ ಗುಣ ಬೇರೆ.

ಇದೇನು ದೂರದ ಮಾತಲ್ಲ. ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನ ಮೊದಲು ಹಾರಿದ್ದು ನಮ್ಮ ಬೆಂಗಳೂರಿನಲ್ಲಿ, 2001ರ ಜನವರಿ 4ರಂದು. ಅದರ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಇಂಥ ಕಾಂಪೊಸಿಟ್. ಇಲ್ಲಿನ ಎನ್‌ಎಎಲ್ ಸಂಸ್ಥೆ ಅದರ ಬಾಲದ ನಿಲುರೆಕ್ಕೆಯನ್ನು ಇದರಿಂದಲೇ ರೂಪಿಸಿತು.

ಈಗ ನನ್ನ ಮಾತು. ಉಜ್ಜುವ, ಒರೆಸುವ, ಲೇಪ ಹಚ್ಚುವ ಕೆಲಸವೆಂದರೆ ನಮ್ಮಲ್ಲಿ ಕೀಳು. 'ಬರೀ ಹೆಲ್ಪರ್' ಎಂಬ ಮೂದಲಿಕೆ ಬೇರೆ. ಆದರೆ ಎರಡು ಕಾಂಪೊಸಿಟ್ ತುಂಡು ಅಂಟಿಸುವಾಗ ಬೆರಳಿನ ಜಿಡ್ಡು ಕೂಡ ಬೆಸುಗೆ ಕೆಡಿಸಬಲ್ಲದು. ಕೆಟ್ಟದ್ದು ಹೊರಗಿನಿಂದ ಕಣ್ಣಿಗೆ ಕಾಣುವುದೂ ಇಲ್ಲ. ಆ ಬೆರಳಿನ ಶುದ್ಧಿಯನ್ನು ನಂಬಿ ಜನ ಆಕಾಶಕ್ಕೆ ಏರುತ್ತಾರೆ! ಅವನಿಗೆ ಚಿಲ್ಲರೆ ಸಂಬಳವೇ?

ಐಟಿಐ ಹುಡುಗರಿಗೆ, ಹುಡುಗಿಯರಿಗೆ ಈ ವಿದ್ಯೆ ಕಲಿಸಿ. 'ಒರೆಸು' ಎಂದು ಅಪ್ಪಣೆ ಕೊಟ್ಟರೆ ಸಾಲದು. ಯಾಕೆ ಒರೆಸಬೇಕು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಕಾರಣ ತಿಳಿದ ಕೈ ಯಾರೂ ನೋಡದಿದ್ದಾಗಲೂ ಸರಿಯಾಗಿಯೇ ಒರೆಸುತ್ತದೆ. ಆ ಕೈಗೆ ಕುಶಲಕರ್ಮಿಯ ಕೂಲಿಯನ್ನೇ ಕೊಡಿ!