ಹಾಳೆಯಲ್ಲಿ ಹೆಸರಿಲ್ಲದ ಬೆಟ್ಟಗಳು

ಮಳೆ ನಿಂತು ಚಳಿ ಕಾಲಿಟ್ಟಿತೆಂದರೆ ನಮ್ಮ ನಾಲ್ಕು ತಾಲ್ಲೂಕುಗಳ ಬೆಟ್ಟಗಳಿಗೆ ಹತ್ತುವವರ ಸಾಲು ಮೊದಲಾಗುತ್ತದೆ. 3,930 ಅಡಿ ಎತ್ತರದ ಮಧುಗಿರಿಯ ಏಕಶಿಲೆಯನ್ನು ಏರುವವರಿಗೆ ನಕ್ಷೆಯ ಅಗತ್ಯ ಅಷ್ಟಾಗಿ ತೋರದು. ಮೆಟ್ಟಿಲೂ ಕಂಬಿಯೂ ಬಹುದೂರ ಕೈಹಿಡಿದು ನಡೆಸುತ್ತವೆ. ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡಗಳಲ್ಲಿಯೂ ಕೋಟೆಯ ಗೋಡೆಯೇ ದಾರಿ ತೋರುತ್ತದೆ. ಕಷ್ಟವಿರುವುದು ಇವುಗಳ ನಡುವೆ ಹರಡಿರುವ, ಕೋಟೆಯೂ ಜಾತ್ರೆಯೂ ಇಲ್ಲದ ನೂರಾರು ಬಂಡೆಗುಡ್ಡಗಳಲ್ಲಿ. ಅಲ್ಲಿಗೆ ಹೊರಟ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಒಂದೇ: ಒಳ್ಳೆಯ ನಕ್ಷೆ ಎಲ್ಲಿ ಸಿಗುತ್ತದೆ?

ಅಡಿಪಾಯವೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ. ನಮ್ಮವರು ಅದನ್ನು ಟೋಪೋ ಹಾಳೆ ಎನ್ನುತ್ತಾರೆ. ಅದರಲ್ಲಿ ನೆಲದ ಒಂದು ಕಿಲೋಮೀಟರು ಕಾಗದದ ಎರಡು ಸೆಂಟಿಮೀಟರು. ಹಾಳೆಯ ಸಂಖ್ಯೆ ತಿಳಿಯದವನಿಗೆ ಹಾಳೆ ಸಿಗುವುದಿಲ್ಲವಾದ್ದರಿಂದ ಇಲ್ಲಿಯೇ ಬರೆದುಕೊಳ್ಳಿರಿ. 14 ಡಿಗ್ರಿ ಅಕ್ಷಾಂಶವೂ 77 ಡಿಗ್ರಿ ರೇಖಾಂಶವೂ ನಮ್ಮ ಸೀಮೆಯಲ್ಲಿಯೇ ಹಾಯುವುದರಿಂದ ನಾಲ್ಕು ತಾಲ್ಲೂಕು ಕೇಂದ್ರಗಳು ಒಂದೇ ಹಾಳೆಗೆ ಬರಲಿಲ್ಲ. ಮಧುಗಿರಿ ಮತ್ತು ಕೊರಟಗೆರೆ ಪಟ್ಟಣಗಳು 57 ಜಿ/2ರಲ್ಲಿವೆ. ಆದರೆ ಕೊರಟಗೆರೆಯಿಂದ ತುಸು ತೆಂಕಣಕ್ಕೆ ನಡೆದರೆ 57 ಜಿ/3ಕ್ಕೆ ಕಾಲಿಡುತ್ತೇವೆ. ಮಿಡಿಗೇಶಿಗೆ 57 ಜಿ/1. ಶಿರಾ ಪಟ್ಟಣ 57 ಸಿ/14ರ ಮೇಲಂಚಿಗೆ ಅಂಟಿಕೊಂಡಿದೆ. ಅದರ ಬಡಗಣ ಹಳ್ಳಿಗಳಿಗೆ 57 ಸಿ/13 ಬೇಕು. ಪಾವಗಡಕ್ಕೆ 57 ಎಫ್/8. ಇವು ಹಳೆಯ ಸಂಖ್ಯೆಗಳು. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಸಾರ್ವಜನಿಕ ಶ್ರೇಣಿಯ ಹಾಳೆಗಳ ಸಂಖ್ಯೆ ನಮ್ಮ ಭಾಗದಲ್ಲಿ ಡಿ 43 ಎಂದು ಆರಂಭವಾಗುತ್ತದೆ; ಹಾಳೆ ಆವರಿಸುವ ಚೌಕ ಮಾತ್ರ ಅದೇ.

ಒಂದು ಕಾಲಕ್ಕೆ ಈ ಹಾಳೆಗಾಗಿ ಬೆಂಗಳೂರಿನ ಕೋರಮಂಗಲದ ಕಚೇರಿಯವರೆಗೆ ಹೋಗಬೇಕಿತ್ತು. ಹಳ್ಳಿಯವನಿಗೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಅದಕ್ಕೇ ಮೀಸಲು. 2017ರಲ್ಲಿ, ತನ್ನ 250ನೆಯ ವರ್ಷದಲ್ಲಿ, ಇಲಾಖೆಯು ‘ನಕ್ಷೆ’ ಎಂಬ ಜಾಲತಾಣದ ಮೂಲಕ ಸಾರ್ವಜನಿಕ ಶ್ರೇಣಿಯ ಹಾಳೆಗಳನ್ನು ಉಚಿತವಾಗಿ ನೀಡತೊಡಗಿತು. ಜನರ ತೆರಿಗೆಯಿಂದ ಅಳೆದ ನೆಲದ ಚಿತ್ರ ಜನರ ಕೈಗೆ ಬರಲು ಎರಡೂವರೆ ಶತಮಾನ ಹಿಡಿಯಿತು ಎಂಬುದನ್ನು ಮರೆಯದೆಯೂ ಇದನ್ನು ಸ್ವಾಗತಿಸಬೇಕು. ಹಾಳೆಯನ್ನು ಇಳಿಸಿಕೊಂಡು, ಅಳತೆ ಕುಗ್ಗದಂತೆ ಪೂರ್ಣ ಗಾತ್ರದಲ್ಲಿ ಮುದ್ರಿಸಿಕೊಳ್ಳಿರಿ. ಸಣ್ಣ ಕಾಗದಕ್ಕೆ ಹೊಂದಿಸಿ ಮುದ್ರಿಸಿದ ಹಾಳೆಯಲ್ಲಿ 1:50,000 ಎಂದು ಬರೆದಿದ್ದರೂ ಅದು ಸುಳ್ಳಾಗಿರುತ್ತದೆ.

ಇನ್ನು ಓದುವ ಬಗೆ. ಕಂದು ಗೆರೆಗಳು ಸಮೋನ್ನತ ರೇಖೆಗಳು. ಒಂದು ರೇಖೆಗೂ ಮುಂದಿನದಕ್ಕೂ 20 ಮೀಟರು ಎತ್ತರದ ಅಂತರ. ಗೆರೆಗಳು ಒತ್ತಾಗಿದ್ದರೆ ಕಡಿದು, ದೂರವಾಗಿದ್ದರೆ ಸಪಾಟು. ಇಷ್ಟನ್ನು ಶಾಲೆಯಲ್ಲಿಯೇ ಕಲಿತಿರುತ್ತೇವೆ. ನಮ್ಮ ಬೆಟ್ಟಗಳ ಅಪಾಯ ಇರುವುದು ಗೆರೆಗಳ ನಡುವೆ. ಹದಿನೈದು ಮೀಟರಿನ ನೆಟ್ಟನೆಯ ಬಂಡೆಯೊಂದು ಎರಡು ರೇಖೆಗಳ ನಡುವೆ ಪೂರ್ತಿ ಅಡಗಿಕೊಳ್ಳಬಲ್ಲದು. ಅದು ಐದು ಅಂತಸ್ತಿನ ಕಟ್ಟಡದಷ್ಟು ಎತ್ತರ. ಮಲೆನಾಡಿನ ಮಣ್ಣಿನ ಗುಡ್ಡದಲ್ಲಿ ರೇಖೆಗಳು ಹೇಳುವ ಮಾತನ್ನು ಬಹುಮಟ್ಟಿಗೆ ನಂಬಬಹುದು. ಗ್ರಾನೈಟ್‌ ಬಂಡೆ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಟ್ಟು ಉರುಟಾಗುತ್ತದೆ: ಮೇಲೆ ಸಪಾಟು, ಅಂಚಿನತ್ತ ನಡೆದಂತೆ ತಿಳಿಯದ ಹಾಗೆ ಇಳಿಜಾರು, ಆಮೇಲೆ ಒಮ್ಮೆಲೇ ಪ್ರಪಾತ. ಏರುವಾಗ ಸುಲಭವೆನಿಸಿದ ಬಂಡೆಯ ಮೇಲೆ ಇಳಿಯುವಾಗ ದಾರಿ ಕಾಣದಿರುವುದು ಇದೇ ಕಾರಣಕ್ಕೆ.

ಮೊಬೈಲಿನ ನಕ್ಷೆಯಿದೆಯಲ್ಲ ಎನ್ನುವವರಿದ್ದಾರೆ. ಉಚಿತವಾಗಿ ಸಿಗುವ ಅನೇಕ ನಕ್ಷೆಗಳ ಎತ್ತರದ ಗೆರೆಗಳು 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ಮಾಹಿತಿಯಿಂದ ಬಂದವು. ಸುಮಾರು 30 ಮೀಟರಿನ ಒಂದು ಚೌಕಕ್ಕೆ ಒಂದೇ ಎತ್ತರ. ಹಾಗಾಗಿ ಚೂಪು ತುದಿ ಮೊಂಡಾಗುತ್ತದೆ, ಕಿರಿದಾದ ಕೊರಕಲು ಮುಚ್ಚಿಹೋಗುತ್ತದೆ. ಇಸ್ರೋದ ‘ಭುವನ್’ ತಾಣದ ಉಪಗ್ರಹ ಚಿತ್ರದಲ್ಲಿ ಬಂಡೆ ಯಾವುದು, ಪೊದೆ ಯಾವುದು ಎಂಬುದು ಚೆನ್ನಾಗಿ ತಿಳಿಯುತ್ತದೆ. ಅದನ್ನು ಟೋಪೋ ಹಾಳೆಯ ಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ಹಾಳೆಯಿಂದ ಅಕ್ಷಾಂಶ, ರೇಖಾಂಶಗಳನ್ನು ತೆಗೆದು ಜಿಪಿಎಸ್‌ಗೆ ತುಂಬುವವರಿಗೆ ಒಂದು ಎಚ್ಚರಿಕೆ. ಹಳೆಯ ಹಾಳೆಗಳ ಲೆಕ್ಕಾಚಾರಕ್ಕೆ ಎವರೆಸ್ಟ್ ಗೋಳ ಆಧಾರ, ಜಿಪಿಎಸ್‌ಗೆ ಬೇರೆಯ ಗೋಳ. ಎರಡನ್ನೂ ಬೆರೆಸಿದರೆ ಸ್ಥಾನ ಹಲವು ಹತ್ತು ಮೀಟರುಗಳಷ್ಟು ಸರಿಯುತ್ತದೆ. ಹೊಲದಲ್ಲಿ ಅದು ಸಣ್ಣ ಮಾತು, ಬಂಡೆಯ ಅಂಚಿನಲ್ಲಿ ಅಲ್ಲ.

ಹಾಳೆಗೂ ವಯಸ್ಸಾಗುತ್ತದೆ. ಅಂಚಿನಲ್ಲಿ ಮುದ್ರಿತವಾಗಿರುವ ಸರ್ವೇಕ್ಷಣೆಯ ವರ್ಷವನ್ನು ಮೊದಲು ನೋಡಬೇಕು. ಪಾವಗಡದ ತಿರುಮಣಿ ಸುತ್ತಿನ 13,000 ಎಕರೆಯ ಸೌರ ಉದ್ಯಾನ ಪೂರ್ಣವಾದದ್ದು 2019ರಲ್ಲಿ. ಹಳೆಯ ಹಾಳೆಯಲ್ಲಿ ಅದೆಲ್ಲ ಹೊಲವೂ ಕಾಲುದಾರಿಯೂ ಆಗಿಯೇ ಉಳಿದಿದೆ. ಮಧುಗಿರಿಯ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 2007ರದು, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ ವನ್ಯಧಾಮ 2019ರದು. ಹಳೆಯ ಹಾಳೆಯನ್ನೇ ನಂಬಿ ನಡೆದವರು ಅನುಮತಿ ಬೇಕಾದ ಜಾಗಕ್ಕೆ ಅರಿವಿಲ್ಲದೆ ಹೊಕ್ಕಾರು. ಹೆಸರುಗಳ ತೊಡಕೂ ಇದೆ: ಹಿಂದಿನ ನಕ್ಷೆಗಳಲ್ಲಿ ಮಧುಗಿರಿಯನ್ನು ಹುಡುಕಿದರೆ ಸಿಗದು, ‘ಮದ್ದಗಿರಿ’ ಎಂದು ಹುಡುಕಬೇಕು.

ಈ ಎಲ್ಲ ಹಾಳೆಗಳನ್ನು ಮುಂದಿಟ್ಟುಕೊಂಡರೂ ನಮ್ಮ ಬೆಟ್ಟಗಳ ಮಟ್ಟಿಗೆ ಒಂದು ದೊಡ್ಡ ಮೌನ ಉಳಿಯುತ್ತದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನ ಮಾಪನದಲ್ಲಿ ಪಾವಗಡದ ಬೆಟ್ಟವೂ ಒಂದು ವೀಕ್ಷಣಾ ಠಾಣೆಯಾಗಿತ್ತು. ಅವನಿಗೆ ಬೇಕಾಗಿದ್ದುದು ದೂರದಿಂದ ಕಾಣುವ ತುದಿ. ಬೇಸಗೆಯಲ್ಲಿಯೂ ಬತ್ತದ ದೊಣೆ ಯಾವುದು, ಕುರಿಮಂದೆ ಏರುವ ಓಣಿ ಯಾವುದು, ಕರಡಿ ಮಲಗುವ ಗವಿ ಎಲ್ಲಿದೆ ಎಂಬುದರಿಂದ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ನಕ್ಷೆ ಅಂದು ಹಿಡಿದ ದೃಷ್ಟಿಯನ್ನು ಇಂದಿಗೂ ಪೂರ್ತಿ ಬಿಟ್ಟಿಲ್ಲ. ಎಷ್ಟೋ ಗುಡ್ಡಗಳು ಹಾಳೆಯಲ್ಲಿ ಬರಿಯ ಎತ್ತರದ ಅಂಕಿಗಳು.

ಹತ್ತುವವನಿಗೆ ಇದು ಅನಾನುಕೂಲ. ಊರಿನವರಿಗೆ ಅದಕ್ಕಿಂತ ಹೆಚ್ಚಿನದು. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ತೆರೆದು ನೋಡಿರಿ; ಅದರಲ್ಲಿ ಎತ್ತರವೇ ಇಲ್ಲ, ಬೆಟ್ಟವೆಂದರೆ ಒಂದು ಸರ್ವೆ ನಂಬರು. ಪಹಣಿಯಲ್ಲಿ ಅದರ ಮುಂದೆ ಖರಾಬು ಎಂದಿರುತ್ತದೆ. ಕಲ್ಲುಗಣಿ ಗುತ್ತಿಗೆಯ ಅರ್ಜಿ ಗುರುತಿಸುವುದೂ ಆ ನಂಬರನ್ನೇ. ಕಡತದಲ್ಲಿ ಹೆಸರಿಲ್ಲದ, ನೀರಿಲ್ಲದ, ದಾರಿಯಿಲ್ಲದ ಖರಾಬಿಗೆ ಯಾರು ತಾನೆ ತಕರಾರು ಹೇಳಿಯಾರು? ಆದರೆ ಒಂದು ಹೆಕ್ಟೇರು ಬೋಳು ಬಂಡೆಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ ಒಂದು ಲಕ್ಷ ಲೀಟರು ನೀರಾಗುತ್ತದೆ. ಬಂಡೆ ಅದನ್ನು ಹೆಚ್ಚೇನೂ ಕುಡಿಯದೆ ಕೆಳಗಿನ ಕಟ್ಟೆಗೆ, ಕೆರೆಗೆ ಇಳಿಸುತ್ತದೆ. ಕೃಷಿ ವಿಜ್ಞಾನದ ದೃಷ್ಟಿಯಿಂದ ನಮ್ಮ ಒಣಸೀಮೆಯ ಬೆಟ್ಟ ಖರಾಬಲ್ಲ, ಕೆರೆಯ ಮೇಲ್ಭಾಗ. ಟೋಪೋ ಹಾಳೆಯ ಕಂದು ಗೆರೆ ಮತ್ತು ನೀಲಿ ಗೆರೆಗಳನ್ನು ಗ್ರಾಮ ನಕ್ಷೆಯ ಸರ್ವೆ ನಂಬರಿನ ಮೇಲೆ ಹೊಂದಿಸಿ ತೋರಿಸಿದಾಗ ಮಾತ್ರ ಆ ಮಾತಿಗೆ ಕಚೇರಿಯಲ್ಲಿ ಬೆಲೆ ಬರುತ್ತದೆ.

ಆದ್ದರಿಂದ ನಮ್ಮ ಬೆಟ್ಟಗಳಿಗೆ ಒಳ್ಳೆಯ ನಕ್ಷೆ ಎಲ್ಲಿಯೂ ಸಿದ್ಧವಾಗಿಲ್ಲ. ಅದನ್ನು ಹತ್ತುವವರೂ ಊರವರೂ ಕೂಡಿ ಮಾಡಿಕೊಳ್ಳಬೇಕು. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. 2021ರ ಫೆಬ್ರುವರಿ 15ರ ಕೇಂದ್ರ ಸರ್ಕಾರದ ಮಾರ್ಗಸೂಚಿಗಳ ಪ್ರಕಾರ, ಭಾರತೀಯರು ನಕ್ಷೆ ತಯಾರಿಸಲು ಮುಂಗಡ ಅನುಮತಿ ಬೇಕಿಲ್ಲ. ನಿಷಿದ್ಧ ಸ್ಥಳಗಳ ವಿವರಗಳನ್ನಷ್ಟೇ ಗುರುತಿಸಬಾರದು.

ಈ ಋತುವಿನಲ್ಲಿ ಬೆಟ್ಟಕ್ಕೆ ಹೋಗುವ ಪ್ರತಿಯೊಂದು ತಂಡವೂ ಮುದ್ರಿತ ಹಾಳೆಯೊಂದನ್ನು ಒಯ್ದು, ದೊಣೆ, ಓಣಿ, ಇಳಿಯಲಾಗದ ಅಂಚು, ಮಳೆಯಲ್ಲಿ ಹಾವಸೆ ಕಟ್ಟುವ ಬಂಡೆ ಇವುಗಳನ್ನು ಪೆನ್ಸಿಲಿನಿಂದ ಗುರುತಿಸಿ ನಮ್ಮ ಬಳಗಕ್ಕೆ ತಲುಪಿಸಬೇಕೆಂದು ಕೋರುತ್ತೇವೆ. ಗುರುತಿಸಿದ ದಿನಾಂಕವನ್ನೂ ಬರೆಯಿರಿ. ಮಾಗಿಯಲ್ಲಿ ತುಂಬಿದ ದೊಣೆ ಯುಗಾದಿಗೆ ಒಣಗಿರಬಹುದು. ಹೆಸರು ಕೇಳುವಾಗ ಕುರಿ ಕಾಯುವವರನ್ನೂ ಸೌದೆಗೆ ಹೋಗುವ ತಾಯಂದಿರನ್ನೂ ಮೊದಲು ಕೇಳಿರಿ. ಒಂದೇ ಗುಂಡಿಗೆ ಎರಡು ಊರಿನವರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಪಾವಗಡದ ಗಡಿಯಲ್ಲಿ ತೆಲುಗಿನ ಹೆಸರು ಸಿಕ್ಕರೆ ಕನ್ನಡಿಸದೆ ಹಾಗೆಯೇ ಬರೆಯಿರಿ.