ಯುಗಾದಿಯ ಆಯ-ವ್ಯಯ

ಯುಗಾದಿ ಮತ್ತೆ ಬಂದಿದೆ. ರಾತ್ರಿಶಾಲೆಯಲ್ಲಿ ಪಾಠ ಹೇಳಿದ ನಾವು ಬಂಧುಗಳಿಗೆ ಉಪದೇಶ ಮಾಡಹೊರಟಿಲ್ಲ. ನಮಗೇ ಪಾಠ ಕಲಿಸಿದವರು ನಮ್ಮ ವಿದ್ಯಾರ್ಥಿಗಳು. ಹೋಟೆಲಿನಲ್ಲಿ ಮೇಜು ಒರೆಸಿ, ಗಿರಣಿಯ ಪಾಳಿ ಮುಗಿಸಿ, ತೂಕಡಿಸುತ್ತಲೇ ಸ್ಲೇಟು ಹಿಡಿದವರು ಅವರು. ಹೆಬ್ಬೆಟ್ಟು ಒತ್ತುತ್ತಿದ್ದವನೊಬ್ಬ ಮೊದಲ ಸಲ ರುಜು ಹಾಕಿದ ದಿನ ಹೇಳಿದ: "ಮಾಸ್ಟ್ರೇ, ರುಜು ಬಂತು. ಅದರ ಮೇಲೆ ಬರೆದದ್ದೇನೆಂದು ಓದಲು ಕಲಿಸಿ." ವಿದ್ಯೆಯ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ನಾವು ಬೇರೆಲ್ಲಿಯೂ ಕೇಳಿಲ್ಲ.

1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಬಾಕಿ ಕೇಳಲು ಹೋದಾಗ ಕೈಯಲ್ಲಿ ಚೀಟಿ ಇದ್ದವನ ಮಾತು ನಡೆಯಿತು. ಇಲ್ಲದವನು ಬಾಗಿಲಿಂದ ಬಾಗಿಲಿಗೆ ಅಲೆದ.

ಭವಿಷ್ಯನಿಧಿಯ ಕಾನೂನು 1952ರಿಂದ ಇದೆ. 20 ಮಂದಿ ದುಡಿಯುವ ಹೋಟೆಲಿಗೂ ಅದು ಸಲ್ಲುತ್ತದೆ. ಮೂಲ ಸಂಬಳ ಮತ್ತು ತುಟ್ಟಿಭತ್ಯದಲ್ಲಿ ಸಾಮಾನ್ಯವಾಗಿ ನೂರಕ್ಕೆ 12 ನಮ್ಮದು, ಮಾಲಿಕರದೂ ಅಷ್ಟೇ. ಮುರಿದುಕೊಂಡ ಹಣ ಖಾತೆಗೆ ಸೇರಿತೇ? ಇಂದು ಮೊಬೈಲಿನಲ್ಲಿಯೇ ನೋಡಬಹುದು.

ಪಂಚಾಂಗವು ರಾಶಿಯ ಆಯ-ವ್ಯಯ ಹೇಳುತ್ತದೆ. ದುಡಿಮೆಯ ಆಯ-ವ್ಯಯವನ್ನು ನಾವೇ ಓದಿಕೊಳ್ಳಬೇಕು. ಬೇವುಬೆಲ್ಲ ತಿಂದ ಮೇಲೆ ಅಕ್ಷರ ಬಾರದ ಗೆಳೆಯನ ಪಕ್ಕದಲ್ಲಿ ಕುಳಿತು ಅವನ ಲೆಕ್ಕವನ್ನೂ ಓದಿಹೇಳಿರಿ. ಕಲಿತ ವಿದ್ಯೆಗೆ ಅದೇ ಗುರುದಕ್ಷಿಣೆ.