ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಸಾಸವಡ: ಪುಣೆಯಿಂದ ದಿವೆ ಘಾಟ್ ಹತ್ತಿದರೆ ಸಿಗುವ ಸಾಸವಡ ಸಂತ ಸೋಪಾನದೇವರ ಸಮಾಧಿ ಇರುವ ಊರು. ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರ ಪಾಲಖಿ ಇಲ್ಲಿ ತಂಗುತ್ತದೆ. ಸುತ್ತಲಿನ ಪುರಂದರ ತಾಲೂಕು ಅಂಜೂರ, ಸೀತಾಫಲಕ್ಕೆ ಹೆಸರುವಾಸಿ. ಜೇಜುರಿಯ ಖಂಡೋಬಾನನ್ನು ಮೈಲಾರಲಿಂಗನೆಂದು ನಂಬಿ ಬರುವ ಕನ್ನಡಿಗ ಭಕ್ತರಿಗೂ ಈ ದಾರಿ ಪರಿಚಿತ. ಆದರೆ ಇಂಥ ಊರಿಗೂ ಮಾದಕ ದ್ರವ್ಯಕ್ಕೂ ಏನು ಸಂಬಂಧ ಎಂದು ಕೇಳುವ ಕಾಲ ಮುಗಿದಿದೆ.

2024ರ ಫೆಬ್ರವರಿಯಲ್ಲಿ ನೆರೆಯ ದೌಂಡ ತಾಲೂಕಿನ ಕುರಕುಂಭ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮೇಲೆ ಪುಣೆ ಪೊಲೀಸರು ದಾಳಿ ನಡೆಸಿದರು. ಪುಣೆ ನಗರ, ಕುರಕುಂಭ, ದಿಲ್ಲಿ, ಸಾಂಗ್ಲಿ ಸೇರಿ ಆ ಪ್ರಕರಣದಲ್ಲಿ ಸಿಕ್ಕ ಮೆಫೆಡ್ರೋನ್ 1,700 ಕಿಲೋಗೂ ಹೆಚ್ಚು. ಪೊಲೀಸರು ಹೇಳಿದ ಬೆಲೆ 3,500 ಕೋಟಿ ರೂಪಾಯಿಗೂ ಮಿಕ್ಕಿದ್ದು. ಹುಡುಗರ ಬಾಯಲ್ಲಿ 'ಎಂಡಿ' ಎನಿಸಿಕೊಂಡ ಈ ಪುಡಿಯನ್ನು 2015ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. ಇದಕ್ಕೆ ಗಾಂಜಾದ ವಾಸನೆಯಿಲ್ಲ, ಸಾರಾಯಿಯ ಘಾಟಿಲ್ಲ. ಹೀಗಾಗಿ ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ನಿದ್ದೆ, ಊಟ, ಕೆಲಸ, ಉಳಿತಾಯ ಎಲ್ಲವೂ ಹೋಗಿರುತ್ತದೆ.

ಪೊಲೀಸರ ದಾಳಿ ಸುದ್ದಿಯಾಗುತ್ತದೆ. ಮನೆಯೊಳಗಿನ ಸಂಕಟ ಮಾತ್ರ ಸುದ್ದಿಯಾಗುವುದಿಲ್ಲ. ಪುಣೆ ಜಿಲ್ಲೆಯಲ್ಲಿ ಹೊಟೇಲ್, ಕಟ್ಟಡ ಕೆಲಸ, ಕಾರ್ಖಾನೆಗಳನ್ನು ನಂಬಿ ಬದುಕುವ ಹೊರನಾಡ ಕನ್ನಡಿಗರ ಕುಟುಂಬಗಳಲ್ಲಿ ಮಗ ಚಟಕ್ಕೆ ಬಿದ್ದರೆ ಮೊದಲು ಕಾಡುವುದು ಮರ್ಯಾದೆಯ ಪ್ರಶ್ನೆ. 'ಊರಿಗೆ ಕಳುಹಿಸಿ, ಸರಿಹೋಗುತ್ತಾನೆ' ಎಂದು ಒಬ್ಬರು, 'ಮದುವೆ ಮಾಡಿ, ಜವಾಬ್ದಾರಿ ಬರುತ್ತದೆ' ಎಂದು ಇನ್ನೊಬ್ಬರು ಹೇಳುತ್ತಾರೆ. ಮೊದಲನೆಯದರಿಂದ ಚಟ ಊರು ಬದಲಿಸುತ್ತದೆ. ಎರಡನೆಯದರಿಂದ ಇನ್ನೊಂದು ಮನೆಯ ಹೆಣ್ಣುಮಗಳು ಕಷ್ಟಕ್ಕೆ ಸಿಲುಕುತ್ತಾಳೆ. ಕೊನೆಗೆ ಯಾರಿಗೂ ತಿಳಿಯದಂತೆ, ಯಾರೋ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ, ಒಳಗೇನಿದೆ ಎಂದು ನೋಡದೆಯೇ ಹುಡುಗನನ್ನು ಒಪ್ಪಿಸಿ ಬರುತ್ತಾರೆ. ಅನಾಹುತಕ್ಕೆ ದಾರಿಯಾಗುವುದು ಈ ಅವಸರವೇ.

ಚಿಕಿತ್ಸೆ ತಲುಪುವವರು ಎಷ್ಟು ಮಂದಿ?

ದಿಲ್ಲಿಯ ಏಮ್ಸ್ ನಡೆಸಿ ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆ. ಕಾನೂನುಬಾಹಿರ ಮಾದಕ ದ್ರವ್ಯಗಳ ವಿಷಯದಲ್ಲಿ ಇದು 20ಕ್ಕೆ ಒಬ್ಬರು. ಬೇಡಿಕೆ ಇಷ್ಟಿದ್ದು ಒಳ್ಳೆಯ ಚಿಕಿತ್ಸೆ ಕಡಿಮೆಯಿದ್ದಾಗ ಬೋರ್ಡು ಹಾಕಿಕೊಂಡವರೆಲ್ಲ ವೈದ್ಯರಾಗುತ್ತಾರೆ.

ಒಳ್ಳೆಯ ಮಾದರಿಗೆ ದೂರ ಹೋಗಬೇಕಿಲ್ಲ. ಲೇಖಕ ಅನಿಲ ಅವಚಟ ಅವರು 'ಗರ್ದ' ಅಂದರೆ ಬ್ರೌನ್ ಶುಗರ್ ಚಟದ ಬಗ್ಗೆ ಬರೆದದ್ದನ್ನು ಓದಿ ಮರಾಠಿಯ ಪ್ರಸಿದ್ಧ ಸಾಹಿತಿ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ದಂಪತಿ ಹಣದ ನೆರವು ನೀಡಿದರು. ಅದರಿಂದ 1986ರಲ್ಲಿ ಪುಣೆಯ ಯೆರವಡಾದಲ್ಲಿ 'ಮುಕ್ತಾಂಗಣ' ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಅವಚಟರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟ. ಅಲ್ಲಿನ ಒಳರೋಗಿ ಚಿಕಿತ್ಸೆ 35 ದಿನಗಳದ್ದು. ಚಟ ಬಿಟ್ಟವರೇ ಅಲ್ಲಿ ಹೊಸಬರಿಗೆ ಆಸರೆಯಾಗುವುದು ಉಲ್ಲೇಖನೀಯ.

ಕರ್ನಾಟಕದಲ್ಲೂ ಈ ಪರಂಪರೆ ಇದೆ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ 'ಮಹಾಂತ ಜೋಳಿಗೆ'ಯನ್ನು ಮರೆಯುವಂತಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಸಾವಿರಕ್ಕೂ ಹೆಚ್ಚು ನಡೆದಿವೆ. ಆದರೆ ಮದ್ಯದ ಶಿಬಿರವೇ ಎಂಡಿ, ಗರ್ದಗಳಿಗೂ ಸಾಕು ಎಂದು ತಿಳಿಯಬಾರದು. ಪ್ರತಿ ಚಟಕ್ಕೂ ಚಿಕಿತ್ಸೆ ಬೇರೆ.

ಬಹುಕಾಲ ಕುಡಿದವರು ಒಮ್ಮೆಲೇ ಬಿಟ್ಟರೆ ಒಂದೆರಡು ದಿನಗಳಲ್ಲೇ ಫಿಟ್ಸ್, ಸನ್ನಿ ಬರಬಹುದು; ಪ್ರಾಣಕ್ಕೂ ಅಪಾಯ. ಆ ದಿನಗಳಲ್ಲಿ ವೈದ್ಯರು ಹತ್ತಿರವಿರಲೇಬೇಕು. ಗರ್ದಕ್ಕೆ ಬುಪ್ರೆನಾರ್ಫಿನ್‌ನಂಥ ಔಷಧ ಉಂಟು. ಎಂಡಿಗೆ ಅಂಥ ಬದಲಿ ಔಷಧವಿಲ್ಲ; ಆಪ್ತ ಸಲಹೆಯೇ ಮುಖ್ಯ. ಬಿಟ್ಟ ಹೊಸದರಲ್ಲಿ ಮನಸ್ಸು ಕುಗ್ಗಿ ಆತ್ಮಹತ್ಯೆಯ ಯೋಚನೆಯೂ ಬರಬಹುದಾದ್ದರಿಂದ ಒಂಟಿಯಾಗಿ ಬಿಡಬಾರದು. ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ಪುಡಿಯ ಜಾಹೀರಾತುಗಳನ್ನಂತೂ ನಂಬಲೇಬಾರದು. ಅದರಲ್ಲಿ ಡೈಸಲ್ಫಿರಾಂ ಇದ್ದು, ವ್ಯಕ್ತಿ ತಿಳಿಯದೆ ಕುಡಿದರೆ ಜೀವವೇ ಹೋಗಬಹುದು.

ಕೇಳಬೇಕಾದ ಪ್ರಶ್ನೆಗಳು

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ದ್ರವ್ಯದಿಂದಾಗುವ ಮನೋಸ್ಥಿತಿಗಳನ್ನೂ ಒಳಗೊಂಡಿದೆ. ಅದರ ಆಧಾರದಲ್ಲಿ ಕುಟುಂಬದವರು ಕೆಲವು ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಬಹುದು.

ಒಂದು, ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ? ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಪತ್ರ ಇದಕ್ಕೆ ಸಾಟಿಯಲ್ಲ. ಎರಡು, ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ? ಮೂರು, ಒಳಗಿನ ಕೋಣೆ, ಅಡುಗೆಮನೆ, ಶೌಚಾಲಯ ನೋಡಲು ಬಿಡುತ್ತಾರೆಯೇ? ಮನೆಯವರ ಭೇಟಿ, ಫೋನ್ ಯಾವಾಗ? ನಾಲ್ಕು, ವಾಹನ ಕಳುಹಿಸಿ ಎತ್ತಿಕೊಂಡು ಬರುತ್ತೇವೆ ಎನ್ನುತ್ತಾರೆಯೇ? ಹಾಗಿದ್ದರೆ ಅಲ್ಲಿಂದ ಹಿಂತಿರುಗುವುದೇ ಲೇಸು. ರೋಗಿಯ ಒಪ್ಪಿಗೆ ಇಲ್ಲದೆ ಸೇರಿಸಲು ಕಾಯ್ದೆ ವಿಧಿಸಿದ ಕ್ರಮವಿದೆ. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರಬಾರದು. ಸರಪಳಿ ಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು, ಬಲವಂತದ ದುಡಿಮೆ ಎಲ್ಲವೂ ನಿಷಿದ್ಧ. ಐದು, ಒಟ್ಟು ಖರ್ಚು ಲಿಖಿತವಾಗಿ ಕೊಟ್ಟು ಪ್ರತಿ ಪಾವತಿಗೆ ರಸೀದಿ ಕೊಡುತ್ತಾರೆಯೇ? ಆರು, ಬಿಡುಗಡೆಯಾದ ಮೇಲೆ ಏನು? 'ನೂರಕ್ಕೆ ನೂರು ಗ್ಯಾರಂಟಿ' ಎನ್ನುವವರಿಗಿಂತ 'ಮತ್ತೆ ಬೀಳಬಹುದು, ಬಿದ್ದರೆ ಕರೆತನ್ನಿ' ಎನ್ನುವವರನ್ನು ನಂಬಬಹುದು.

ಕೊನೆಯ ಪ್ರಶ್ನೆಗೆ ಇನ್ನೊಂದು ಕಾರಣವಿದೆ. ಕೆಲವು ವಾರ ಗರ್ದ ಬಿಟ್ಟವನ ದೇಹಕ್ಕೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಹೊರಬಂದ ದಿನ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಸಾವು ಬರಬಹುದು. ಕೇಂದ್ರದ ಬಾಗಿಲು ದಾಟಿದ ಮೊದಲ ತಿಂಗಳೇ ಹೆಚ್ಚು ಎಚ್ಚರ ಬೇಡುವ ಕಾಲ.

ಭಾಷೆಯೂ ಚಿಕಿತ್ಸೆಯ ಭಾಗ

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮರಾಠಿಯಲ್ಲೇ ಮನಸ್ಸು ಬಿಚ್ಚುವುದು ಸುಲಭ. ಅವರಿಗೆ ಪುಣೆಯ ಕೇಂದ್ರಗಳೇ ಸೂಕ್ತ. ನಿನ್ನೆ ಮೊನ್ನೆ ಊರಿಂದ ಬಂದ ಹೊಟೇಲ್ ಕಾರ್ಮಿಕನಿಗೆ ಹಾಗಲ್ಲ. ಅವನಿಗೆ ಬೆಂಗಳೂರಿನ ನಿಮ್ಹಾನ್ಸ್, ಉಡುಪಿಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಂಥ ಕಡೆ ತನ್ನ ಭಾಷೆಯಲ್ಲಿ ಮಾತಾಡುವ ಅವಕಾಶವಿದೆ. ಊರಿಗೆ ಕಳುಹಿಸುವುದಾದರೆ ಹೀಗೆ, ಚಿಕಿತ್ಸೆಗೆ ಕಳುಹಿಸಬೇಕು. ದುಡ್ಡಿಲ್ಲದವರು ಪುಣೆಯ ಸಸೂನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನೋಬಲ ಕುಸಿದಾಗ ಟೆಲಿ ಮಾನಸ್ 14416. ಇಲ್ಲಿ ಕನ್ನಡದಲ್ಲೂ ಮಾತಾಡಬಹುದು. ಎರಡೂ ಉಚಿತ.

ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬ ಭಯ ಅನೇಕರಿಗಿದೆ. ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರದ ಇಲ್ಲವೇ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು.

ಕನ್ನಡ ಸಂಘಗಳು ವರ್ಷವಿಡೀ ರಾಜ್ಯೋತ್ಸವ, ಯಕ್ಷಗಾನ, ವಿದ್ಯಾರ್ಥಿ ವೇತನ ವಿತರಣೆ ನಡೆಸುತ್ತವೆ. ರಕ್ತದಾನ ಶಿಬಿರವನ್ನೂ ಮಾಡುತ್ತವೆ. ಅವುಗಳ ಜತೆಗೆ ಇನ್ನೊಂದು ಸಣ್ಣ ಕೆಲಸ ಆಗಬೇಕಿದೆ. ಪ್ರತಿ ಸಂಘದಲ್ಲಿ ಇಬ್ಬರು ನಂಬಿಕಸ್ಥರು ಜಿಲ್ಲೆಯ ನಾಲ್ಕಾರು ಕೇಂದ್ರಗಳನ್ನು ಮೊದಲೇ ಕಣ್ಣಾರೆ ನೋಡಿ, ಮೇಲಿನ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ಹೆಸರು ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಸದಸ್ಯರಿಗೆ ಸಿಗಬೇಕು. ಆಗ ನಡುರಾತ್ರಿ ಕಂಗಾಲಾದ ತಂದೆಯೊಬ್ಬರು ಅಪರಿಚಿತ ನಂಬರಿಗೆ ಬದಲು ಸಂಘದ ಅಧ್ಯಕ್ಷರಿಗೆ ಫೋನ್ ಮಾಡುತ್ತಾರೆ.